ಗೋಣಿತಾಟಿನಿಂದ ಹಾಸ್ಟೆಲಿನವರೆಗೆ

ಹೈಸ್ಕೂಲಿನಲ್ಲಿ ನಮ್ಮ ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಅವರಿಗೆ ಇರಲಿಲ್ಲ. ನಮ್ಮ ಅಪ್ಪ ಯಾರ ಮನೆಯಲ್ಲಿ ಜೀತಕ್ಕಿದ್ದ, ಅವ್ವ ಯಾರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು, ನಮ್ಮ ಹಟ್ಟಿ ಊರಿನ ಯಾವ ದಿಕ್ಕಿಗಿದೆ ಅನ್ನುವುದು ಮೇಷ್ಟರಿಗೂ ಗೊತ್ತು, ಜೊತೆಯ ಹುಡುಗರಿಗೂ ಗೊತ್ತು, ಹೈಸ್ಕೂಲಿನ ಎದುರು ಕಡ್ಲೆಕಾಯಿ ಮಾರುವ ಮುದುಕಿಗೂ ಗೊತ್ತು. ಕಾಲೇಜಿಗೆ ಬಂದ ಮೇಲೆ ಎಲ್ಲರೂ ಕೇಳತೊಡಗಿದರು. ನೇರವಾಗಿ ಯಾರೂ ಕೇಳುತ್ತಿರಲಿಲ್ಲ. 'ನಿಮ್ಮದು ಯಾವೂರು?' 'ತಂದೆ ಏನು ಮಾಡ್ತಾರೆ?' 'ರೂಮು ಮಾಡಿದ್ದೀರೋ, ಹಾಸ್ಟೆಲ್ಲೋ?' 'ಯಾವ ಹಾಸ್ಟೆಲ್ಲು?' ಈ ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಐದನೆಯ ಪ್ರಶ್ನೆ ಇರುತ್ತಿರಲಿಲ್ಲ.

ಕಾಲೇಜಿನ ದಿನಗಳ ಬಗ್ಗೆ ಕನ್ನಡದಲ್ಲಿ ಬರೆದವರು ಬಹಳ ಮಂದಿ. ಹೈಸ್ಕೂಲು ಅಂದರೆ ಚಡ್ಡಿ, ಮೇಷ್ಟರ ಬೆತ್ತ, ಮನೆಯವರ ಕಾವಲು. ಕಾಲೇಜು ಅಂದರೆ ಪ್ಯಾಂಟು, ಕ್ಯಾಂಟೀನು, ಸಿನಿಮಾ, ಮೊದಲ ಪ್ರೇಮ, ಹೇಳುವವರು ಕೇಳುವವರು ಇಲ್ಲದ ಸ್ವಾತಂತ್ರ್ಯ. ಬರೆದವರ ಪಾಲಿಗೆ ಅದು ನಿಜವೇ ಇರಬೇಕು, ನಮ್ಮದೇನೂ ತಕರಾರಿಲ್ಲ. ಆದರೆ ಹೊಲಗೇರಿಯಿಂದ, ಮಾದಿಗರ ಹಟ್ಟಿಯಿಂದ ಹೋದವರಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಬೇರೆ ಥರದ್ದು. ಹೈಸ್ಕೂಲಿನಲ್ಲಿ ನಾವು ಒಬ್ಬೊಬ್ಬರೇ ಇದ್ದೆವು. ಕಾಲೇಜಿನಲ್ಲಿ ಮೊದಲ ಸಲ ಹಲವರಾದೆವು. ಹೀಗೆ ಹಲವರಾಗುವುದಕ್ಕೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಆ ಚರಿತ್ರೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದು ಶುರುವಾಗುವುದು ನಮ್ಮ ಧಾರವಾಡದಲ್ಲೇ.

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕು ಅಂತ ಒಬ್ಬ ಮಹಾರ್ ಹುಡುಗ ಕೇಳಿದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗದೆ ಮುಂಬಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ಆ ಕಾಲದಲ್ಲಿ, ಆ ಕೇರಿಯಿಂದ, ಸರ್ಕಾರಕ್ಕೆ ಅರ್ಜಿ! ಸರ್ಕಾರ ಏನು ಹೇಳಿತು ನೋಡಿ: ನ್ಯಾಯ ಇವನ ಕಡೆಗೇ ಇದೆ, ಅನುಮಾನವಿಲ್ಲ, ಆದರೆ ಹೀಗೆ ಮುಂದೆ ಬಂದಿರುವವನು ಇವನೊಬ್ಬನೇ, ಇವನೊಬ್ಬನ ಸಲುವಾಗಿ ಜಾತಿಯ ಹುಡುಗರ ಜೊತೆ ಇವನನ್ನು ಬಲವಂತವಾಗಿ ಕೂರಿಸಿದರೆ ಉಳಿದವರಿಗೆಲ್ಲ ಶಾಲೆಯೇ ಇಲ್ಲದಂತಾದೀತು. 1857ರ ಜನವರಿಯಲ್ಲಿ ಕಲ್ಕತ್ತೆಯ ಗವರ್ನರ್ ಜನರಲ್ ಸರ್ಕಾರ ಬರೆಯಿತು, ಬಂಗಾಳದ ಕಡೆ ಆಗಿದ್ದರೆ ಸರ್ಕಾರಿ ಶಾಲೆಯಲ್ಲಿ ಈ ಹುಡುಗನನ್ನು ಹೀಗೆ ತಳ್ಳುತ್ತಿರಲಿಲ್ಲ ಅಂತ. 1858ರಲ್ಲಿ ಲಂಡನ್ನಿನಿಂದ ಕಂಪನಿಯ ಡೈರೆಕ್ಟರುಗಳೂ ಸರ್ಕಾರಿ ಶಾಲೆ ಎಲ್ಲ ಪ್ರಜೆಗಳದ್ದು ಅಂದರು. ಇಷ್ಟೆಲ್ಲ ಕಾಗದಗಳು ಸಮುದ್ರ ದಾಟಿ ಓಡಾಡಿದವು. ನಾವು ಓದಿದ ಪುಸ್ತಕಗಳಲ್ಲಿ ಆ ಹುಡುಗನ ಹೆಸರಿಲ್ಲ. 'ಮಹಾರ್ ಹುಡುಗ' ಅಷ್ಟೆ.

ಸರ್ಕಾರದ ಆ ಮಾತಿನಲ್ಲಿ 'ಇವನೊಬ್ಬನೇ' ಅನ್ನುವುದನ್ನು ಗಮನಿಸಿ, ಗೆಳೆಯರೆ. ಅವನ ಹಿಂದೆ ಹತ್ತು ಜನ ಇದ್ದಿದ್ದರೆ ಆ ಉತ್ತರ ಅಷ್ಟು ಸಲೀಸಾಗಿ ಬರುತ್ತಿತ್ತೆ? ಆ ಕಾಗದಗಳು ಓಡಾಡುತ್ತಿದ್ದ 1857ರಲ್ಲೇ ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಒಂದು ಕಡೆ ಡಿಗ್ರಿ ಕೊಡುವ ಮಹಾದ್ವಾರ ತೆರೆಯುತ್ತಿದೆ, ಇನ್ನೊಂದು ಕಡೆ ಕೇರಿಯ ಹುಡುಗನಿಗೆ ಅಕ್ಷರದ ಹೊಸ್ತಿಲೇ ಮುಚ್ಚಿದೆ. ಎರಡೂ ಒಂದೇ ಆಡಳಿತದ ಕೆಲಸ.

ಹೈಸ್ಕೂಲು ಮತ್ತು ಕಾಲೇಜು ಎರಡನ್ನೂ ದಾಟಿ ಬಂದ ಒಬ್ಬರ ಬದುಕನ್ನು ನೋಡಿದರೆ ಮುಂದಿನದು ಅರ್ಥವಾಗುತ್ತದೆ. 1891ರಲ್ಲಿ ಹುಟ್ಟಿದ ಅಂಬೇಡ್ಕರ್ ಸಾತಾರದ ಶಾಲೆಯಲ್ಲಿ ಮೂಲೆಯಲ್ಲಿ ಬೇರೆಯಾಗಿ ಕೂರಬೇಕಿತ್ತು, ಅದೂ ಮನೆಯಿಂದ ತಂದ ಗೋಣಿತಾಟಿನ ಮೇಲೆ. ಸಂಜೆ ಅದನ್ನು ಸುತ್ತಿಕೊಂಡು ಮನೆಗೇ ಒಯ್ಯಬೇಕು, ಶಾಲೆಯ ಕಸ ಗುಡಿಸುವವನು ಅದನ್ನು ಮುಟ್ಟುವುದಿಲ್ಲ. ನಲ್ಲಿ ಮುಟ್ಟುವ ಹಾಗಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನು ರಜಾ ಹಾಕಿದ ದಿನ ಬಾಯಾರಿಕೆ. ಆಮೇಲೆ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲು. ದೊಡ್ಡ ನಗರ, ಸರ್ಕಾರಿ ಹೈಸ್ಕೂಲು, ಗೋಣಿತಾಟು ಹೋಯಿತು. ಆದರೂ ಒಂದು ದಿನ ಮೇಷ್ಟರು ಲೆಕ್ಕ ಬಿಡಿಸು ಅಂತ ಕಪ್ಪುಹಲಗೆಗೆ ಕರೆದಾಗ ಹುಡುಗರೆಲ್ಲ ಗಾಬರಿಯಾಗಿ ಎದ್ದು ಓಡಿದರಂತೆ. ಹಲಗೆಯ ಹಿಂದೆ ಅವರ ಊಟದ ಡಬ್ಬಿಗಳಿದ್ದವು. ಡಬ್ಬಿಗಳನ್ನು ಎತ್ತಿಕೊಂಡ ಮೇಲೆಯೇ ಅಂಬೇಡ್ಕರ್ ಸೀಮೆಸುಣ್ಣ ಹಿಡಿದದ್ದು. ಸಂಸ್ಕೃತ ಓದುತ್ತೇನೆ ಅಂದರೆ ಅದೂ ಆಗಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ನಮ್ಮ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷನಾಗಬಹುದಾದವನು ದೇವಭಾಷೆ ಕಲಿತರೆ ದೇವರಿಗೆ ಮೈಲಿಗೆ!

1907ರಲ್ಲಿ ಅವರು ಮೆಟ್ರಿಕ್ ಮುಗಿಸಿದಾಗ ಮುಂಬಯಿಯಲ್ಲಿ ಸಭೆ ಕರೆದು ಸನ್ಮಾನ ಮಾಡಿದರು. ಎಸ್.ಕೆ. ಬೋಲೆ ಅಧ್ಯಕ್ಷರು. ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಒಬ್ಬ ಹುಡುಗ ಹೈಸ್ಕೂಲು ದಾಟಿದ್ದಕ್ಕೆ ಒಂದು ಸಭೆ ಅಂದರೆ, ದಾಟಿದವರು ಎಷ್ಟು ಜನ ಇದ್ದರು ಅನ್ನುವುದನ್ನು ಲೆಕ್ಕ ಹಾಕಿಕೊಳ್ಳಿ. ಬರೋಡೆಯ ಸಯಾಜಿರಾವ್ ಮಹಾರಾಜರು ಕೊಟ್ಟ ತಿಂಗಳಿಗೆ 25 ರೂಪಾಯಿಯ ನೆರವಿನಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಪಾಸಾದರು. ಕಾಲೇಜಿನಲ್ಲಿ ಬೆಂಚಿನ ಮೇಲೆ ಕೂರಲು ಯಾರ ಅಡ್ಡಿಯೂ ಇರಲಿಲ್ಲ. ಮುಲ್ಲರ್ ಅನ್ನುವ ಪ್ರೊಫೆಸರು ಪುಸ್ತಕ ಕೊಟ್ಟರು, ತೊಡಲು ಬಟ್ಟೆಯನ್ನೂ ಕೊಟ್ಟರು. ಆದರೆ ಕಾಲೇಜಿನ ಹೋಟೆಲಿನವನು ಚಹವನ್ನೂ ಕೊಡಲಿಲ್ಲ, ನೀರನ್ನೂ ಕೊಡಲಿಲ್ಲ. ಹೈಸ್ಕೂಲಿನಲ್ಲಿ ಹಲಗೆಯ ಹಿಂದಿದ್ದ ಜಾತಿ ಕಾಲೇಜಿನಲ್ಲಿ ಹೋಟೆಲಿನ ಗಲ್ಲಾದ ಹಿಂದೆ ಹೋಗಿ ಕೂತಿತ್ತು. 1918ರಲ್ಲಿ ಅಮೆರಿಕ, ಇಂಗ್ಲೆಂಡು ಕಂಡು ಬಂದು ಸಿಡನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರಾಗಿ ಸೇರಿದಾಗಲೂ, ಪ್ರೊಫೆಸರುಗಳಿಗಾಗಿ ಇಟ್ಟ ಹೂಜಿಯ ನೀರು ಇವರು ಕುಡಿಯಕೂಡದು ಅಂತ ಜೊತೆಯವರೇ ತಕರಾರು ತೆಗೆದರು. ಎದುರಿಗೆ ಕೂತು ಪಾಠ ಕೇಳಿದರೂ ನೀರಿಲ್ಲ, ಮೇಲೆ ನಿಂತು ಪಾಠ ಹೇಳಿದರೂ ನೀರಿಲ್ಲ.

ಅಂಬೇಡ್ಕರ್ ಹೈಸ್ಕೂಲಿನಲ್ಲೂ ಒಂಟಿ, ಕಾಲೇಜಿನಲ್ಲೂ ಒಂಟಿ. ಇದನ್ನು ಅನುಭವಿಸಿದ್ದರಿಂದಲೇ ಇರಬೇಕು, ಸಾರ್ವಜನಿಕ ಕೆಲಸಕ್ಕೆ ಇಳಿದ ಕೂಡಲೇ ಅವರು ಹಾಸ್ಟೆಲಿಗೆ ಕೈ ಹಾಕಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ, 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿ, ಸರ್ಕಾರದ ನೆರವಿನಿಂದ ಹೈಸ್ಕೂಲು ಹುಡುಗರಿಗಾಗಿ ಹಾಸ್ಟೆಲುಗಳನ್ನು ನಡೆಸಿದರು. ಪನ್ವೇಲ್, ಠಾಣೆ, ನಾಸಿಕ್, ಪುಣೆಗಳ ಜೊತೆಗೆ ನಮ್ಮ ಧಾರವಾಡದಲ್ಲೂ ಒಂದು. 'ಇವನೊಬ್ಬನೇ' ಅಂತ ಒಬ್ಬ ಹುಡುಗನನ್ನು ಹೊರಗೆ ನಿಲ್ಲಿಸಿದ ಅದೇ ಊರಿನಲ್ಲಿ, ಎಪ್ಪತ್ತು ವರ್ಷ ದಾಟಿದ ಮೇಲೆ, ಹುಡುಗರು ಒಂದೇ ಸೂರಿನ ಕೆಳಗೆ ಗುಂಪಾಗಿ ಮಲಗಿ ಎದ್ದು ಹೈಸ್ಕೂಲಿಗೆ ಹೊರಟರು.

ಇತ್ತ ದಕ್ಷಿಣದಲ್ಲೂ ಕೆಲಸ ನಡೆದಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು; ತಮ್ಮ ಜಾತಿಯವರ ಕೈಯಲ್ಲಿ ಬೈಸಿಕೊಂಡು ಬಹಿಷ್ಕಾರ ಉಂಡರು. ಮೈಸೂರು ಸಂಸ್ಥಾನದಲ್ಲಿ ಸಿ.ಆರ್. ರೆಡ್ಡಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಸರ್ಕಾರಿ ಶಾಲೆಗಳ ಬಾಗಿಲು ಪಂಚಮರಿಗೂ ತೆರೆದಿರಬೇಕು ಅಂತ ಹಟ ಹಿಡಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲು ಎಷ್ಟೋ ಹುಡುಗರಿಗೆ ಅನ್ನ ಹಾಕಿತು. ಸಿದ್ಧಲಿಂಗಯ್ಯನವರ 'ಊರು ಕೇರಿ' ಓದಿದವರಿಗೆ ಆ ಹಾಸ್ಟೆಲಿನ ನಗು, ಹಸಿವು ಎರಡೂ ಗೊತ್ತು. ಈ ಮೇಲ್ಜಾತಿಯ ಮಹನೀಯರನ್ನು ನಾವು ಮರೆಯುವುದಿಲ್ಲ. ಆದರೆ ಅವರ ಫೋಟೋಗೆ ಹಾರ ಹಾಕುವ ಭರದಲ್ಲಿ, ಕೂಲಿ ಬಿಟ್ಟು ಮಗನ ಟ್ರಂಕು ಹೊತ್ತುಕೊಂಡು ಹಾಸ್ಟೆಲಿನ ತನಕ ನಡೆದ ಅಪ್ಪಂದಿರನ್ನು ಚರಿತ್ರೆ ಬರೆಯುವವರು ಮರೆಯುತ್ತಾರೆ.

ಬೇರೆ ಜಾತಿಗಳೂ ಈ ಕಾಲದಲ್ಲಿ ಸುಮ್ಮನೆ ಕೂತಿರಲಿಲ್ಲ. 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ. ಮಠಗಳು ಪ್ರಸಾದನಿಲಯ ತೆರೆದವು. ಕರ್ನಾಟಕದ ಕಾಲೇಜು ಪಟ್ಟಣ ಅಂದರೆ ಜಾತಿಗೊಂದು ಹಾಸ್ಟೆಲಿನ ಪಟ್ಟಣ. ಹಳ್ಳಿಯ ಒಕ್ಕಲು ಮಗ ಮೈಸೂರಿಗೆ ಬಂದರೆ ಅವನ ಜಾತಿಯ ಸೂರು, ಜಾತಿಯ ಊಟ, ಜಾತಿಯ ವಕೀಲ, ಜಾತಿಯ ಪ್ರೊಫೆಸರು ಅವನಿಗಾಗಿ ಕಾದಿರುತ್ತಿದ್ದವು. ನಮಗೆ ಮಠವಿಲ್ಲ, ದತ್ತಿಯಿಲ್ಲ, ವಕೀಲನಿಲ್ಲ. ಸರ್ಕಾರವೇ ಮಠ.

1944ರಲ್ಲಿ, ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿ ಸದಸ್ಯರಾಗಿದ್ದ ಕಾಲದಲ್ಲಿ, ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ಓದಿಗೆ ಸ್ಕಾಲರ್‌ಶಿಪ್ ಶುರುವಾಯಿತು. ಅಲ್ಲಿಂದ ಮುಂದೆ ಸರ್ಕಾರದ ಕಡತದಲ್ಲಿ ನಮ್ಮ ಬದುಕಿಗೆ ಎರಡೇ ಭಾಗ: ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳ ಬೋರ್ಡಿನ ಮೇಲೆ ಇಂದಿಗೂ ಇದೇ ಮಾತು. ಮಿಕ್ಕವರಿಗೆ ಹೈಸ್ಕೂಲು, ಕಾಲೇಜು ಅಂದರೆ ಒಂದಾದ ಮೇಲೊಂದು ಬರುವ ಮೆಟ್ಟಿಲು. ನಮಗೆ ಅದು ಎರಡು ದಡ. ನಡುವೆ ಎಸ್ಸೆಸ್ಸೆಲ್ಸಿ ಅನ್ನುವ ಹೊಳೆ, ಅದರಲ್ಲಿ ಇಂಗ್ಲಿಷು ಮತ್ತು ಗಣಿತ ಅನ್ನುವ ಎರಡು ಸುಳಿ.

ಇನ್ನು ನಾವು ಕಂಡದ್ದನ್ನು ಹೇಳುತ್ತೇವೆ. ನಾವು ಹೈಸ್ಕೂಲಿಗೆ ಹೋದದ್ದು ಅರವತ್ತರ ದಶಕದ ಕೊನೆಗೆ. ಹಟ್ಟಿಯಿಂದ ಹೈಸ್ಕೂಲಿಗೆ ನಾಲ್ಕು ಮೈಲಿ, ಬರಿಗಾಲು. ಆ ಹೊತ್ತಿಗೆ ಕಾನೂನು ಬಂದಿತ್ತು, 1955ರ ಅಸ್ಪೃಶ್ಯತಾ ಕಾಯ್ದೆ, ಗೋಣಿತಾಟು ಇರಲಿಲ್ಲ. ಬೆಂಚಿನ ಮೇಲೇ ಕೂತೆವು. ಯಾವ ಬೆಂಚು ಅನ್ನುವುದನ್ನು ಮಾತ್ರ ಯಾರೂ ಹೇಳದೆ ನಾವೇ ಅರ್ಥ ಮಾಡಿಕೊಂಡಿದ್ದೆವು. ವರ್ಷಕ್ಕೊಮ್ಮೆ ಗುಮಾಸ್ತರು ತರಗತಿಗೆ ಬಂದು 'ಸ್ಕಾಲರ್‌ಶಿಪ್ ಹುಡುಗರು ಎದ್ದು ನಿಂತ್ಕೊಳ್ರೋ' ಅನ್ನುವರು. ನಲವತ್ತು ಜನರಲ್ಲಿ ನಾವು ಇಬ್ಬರೋ ಮೂವರೋ ಎದ್ದು ನಿಲ್ಲುವುದು. ಆ ನಿಂತ ಹೊತ್ತು ಎಷ್ಟು ಉದ್ದ! ಹಣ ಬರುತ್ತಿದ್ದದ್ದು ವರ್ಷದ ಕೊನೆಗೆ, ನಿಲ್ಲಿಸುತ್ತಿದ್ದದ್ದು ಮೊದಲಿಗೆ.

ಗೆಳೆತನ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಊರ ಗೌಡರ ತಮ್ಮನ ಮಗ ನಮ್ಮ ಜೊತೆಗೇ ನಡೆಯುತ್ತಿದ್ದ. ದಾರಿಯುದ್ದಕ್ಕೂ ಹೆಗಲ ಮೇಲೆ ಕೈ, ಕದ್ದ ಕಬ್ಬಿನಲ್ಲಿ ಪಾಲು, ನಮ್ಮ ಲೆಕ್ಕದ ಪುಸ್ತಕ ಅವನ ಕೈಗೆ. ಸಂಜೆ ವಾಪಸು ಬರುವಾಗ ಊರ ಹತ್ತಿರದ ಹುಣಸೇಮರ ಕಾಣಿಸುತ್ತಿದ್ದಂತೆ ಅವನ ಕೈ ಹೆಗಲಿನಿಂದ ತಾನಾಗಿ ಇಳಿಯುತ್ತಿತ್ತು. ಅವನು ಹತ್ತು ಮಾರು ಮುಂದೆ ಹೋಗುತ್ತಿದ್ದ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ನಮಗೂ ಯಾರೂ ಹೇಳಿರಲಿಲ್ಲ. ಮಾರನೆಯ ದಿನ ಬೆಳಗ್ಗೆ ಅದೇ ಮರ ದಾಟಿದ ಮೇಲೆ ಮತ್ತೆ ಕೈ ಹೆಗಲ ಮೇಲೆ. ಹೈಸ್ಕೂಲಿನ ಸಾಮಾಜಿಕ ಜೀವನ ಯಾವ ಥರದ್ದು ಅಂತ ಕೇಳಿದರೆ ನಮಗೆ ಮೊದಲು ನೆನಪಾಗುವುದು ಆ ಹುಣಸೇಮರ. ಅವನು ಕೆಟ್ಟವನಲ್ಲ. ಅವನ ಮನೆಯ ಜಗಲಿಯ ಕೆಳಗೆ ನಮ್ಮವ್ವ ಸೆರಗೊಡ್ಡಿ ರಾಗಿ ಇಸಕೊಳ್ಳುವುದನ್ನು ಇಬ್ಬರೂ ನೋಡುತ್ತ ಬೆಳೆದಿದ್ದೆವು. ಹೈಸ್ಕೂಲು ಆ ಜಗಲಿಯಿಂದ ನಾಲ್ಕೇ ಮೈಲಿ ದೂರ.

ಕಾಲೇಜು ಆ ಜಗಲಿಯಿಂದ ದೂರವಿತ್ತು. ಆ ದೂರವೇ ದೊಡ್ಡದು. ನಗರದ ಹೋಟೆಲಿನಲ್ಲಿ ಕಾಸು ಕೊಟ್ಟರೆ ಯಾರು ಬೇಕಾದರೂ ಕೂತು ಕಾಫಿ ಕುಡಿಯಬಹುದು, ಲೋಟ ಬೇರೆ ಇಡುತ್ತಿರಲಿಲ್ಲ. ಮೊದಲ ದಿನ ಹಾಗೆ ಕೂತು ಕುಡಿದಾಗ ಕೈ ನಡುಗಿತು ಅಂದರೆ ಇಂದಿನ ಹುಡುಗರು ನಗಬಹುದು. ಪ್ಯಾಂಟು ತೊಟ್ಟು ಬೀದಿಯಲ್ಲಿ ನಡೆದರೆ 'ಏನ್ಲಾ, ಪ್ಯಾಂಟಾಕ್ಬುಟ್ಟಾ?' ಅಂತ ಯಾರೂ ತಡೆಯುತ್ತಿರಲಿಲ್ಲ. ಇಷ್ಟು ಮಟ್ಟಿನ ಸ್ವಾತಂತ್ರ್ಯ ನಮಗೂ ಸಿಕ್ಕಿತು, ಅದನ್ನು ಕಡೆಗಣಿಸಬಾರದು.

ಆದರೆ ಜಾತಿ ಅಲ್ಲಿ ಬೇರೆ ವೇಷ ಹಾಕಿಕೊಂಡು ಬಂತು. ಬಾಡಿಗೆಗೆ ರೂಮು ಹುಡುಕಿದರೆ 'ಸಸ್ಯಾಹಾರಿಗಳಿಗೆ ಮಾತ್ರ'. ಪಿಯುಸಿಯಲ್ಲಿ ಎಲ್ಲ ಪಾಠ ಇಂಗ್ಲಿಷಿನಲ್ಲಿ. ಹಳ್ಳಿಯಲ್ಲಿ ಕನ್ನಡದಲ್ಲಿ ಮೊದಲಿಗನಾದವನು ಇಲ್ಲಿ ಮೂಕ. ಕಾನ್ವೆಂಟಿನಿಂದ ಬಂದವರದೇ ಒಂದು ಗುಂಪು, ಪ್ರೊಫೆಸರು ಜೋಕು ಹೇಳುವುದೂ ಅವರಿಗೇ. ಕಾಲೇಜಿನ ನೋಟೀಸು ಬೋರ್ಡಿನಲ್ಲಿ ಸ್ಕಾಲರ್‌ಶಿಪ್ ಪಟ್ಟಿ ಅಂಟಿಸಿದ ದಿನ, ಅಲ್ಲಿಯತನಕ 'ಬ್ರದರ್' ಅನ್ನುತ್ತಿದ್ದವರ ಬಾಯಲ್ಲಿ ಹೊಸ ಮಾತು: 'ನಿಮಗೇನಪ್ಪಾ, ಗೌರ್ಮೆಂಟ್ ಬ್ರಾಹ್ಮಣರು!' ಈ ಕುಹಕವನ್ನೇ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ಹೆಸರಾಗಿಟ್ಟು ತಿರುಗಿಸಿ ಹೊಡೆದರು. ಹೈಸ್ಕೂಲಿನವನು ನಮ್ಮನ್ನು ಕೀಳು ಅಂತ ದೂರ ಇಟ್ಟಿದ್ದ. ಕಾಲೇಜಿನವನು ನಮ್ಮನ್ನು ಕಂಡು ಹೊಟ್ಟೆಯುರಿ ಪಟ್ಟು ದೂರ ಇಟ್ಟ. ಈ ಹೊಟ್ಟೆಯುರಿ ನಮಗೆ ಹೊಸದು. ನಮ್ಮ ಹತ್ತಿರ ಏನೋ ಇದೆ ಅಂತ ಒಬ್ಬ ಭಾವಿಸಿದ್ದು ಅದೇ ಮೊದಲು.

ಈಗ ಹಾಸ್ಟೆಲಿಗೆ ಬರೋಣ. ಅನ್ನದಲ್ಲಿ ಹುಳ, ಸಾರಿನಲ್ಲಿ ನೀರು, ಒಂದು ಕೋಣೆಗೆ ಎಂಟು ಜನ, ಒಂದು ಬಲ್ಬು. ವಾರ್ಡನ್ನಿನ ಮನೆಗೆ ಹೋಗುವ ಅಕ್ಕಿಮೂಟೆಯನ್ನು ನಾವೇ ಹೊತ್ತು ಇಳಿಸಿದ್ದೇವೆ. ಇದನ್ನೆಲ್ಲ ಬಹಳ ಜನ ಬರೆದಿದ್ದಾರೆ, ಬಿಡಿ. ನಾವು ಹೇಳಬೇಕಾದದ್ದು ಬೇರೆ. ಆ ಎಂಟು ಜನರಲ್ಲಿ ಒಬ್ಬ ಕೊಳ್ಳೇಗಾಲದ ಕಡೆಯವನು, ಒಬ್ಬ ಕೋಲಾರದವನು, ಒಬ್ಬ ಹಾಸನದವನು. ರಾತ್ರಿ ದೀಪ ಆರಿದ ಮೇಲೆ ಒಬ್ಬೊಬ್ಬನೂ ತನ್ನೂರಿನ ಕತೆ ಹೇಳುತ್ತಿದ್ದ. ಎಲ್ಲರ ಊರಲ್ಲೂ ಒಂದು ಹುಣಸೇಮರ ಇತ್ತು. ನಮ್ಮ ಅಪ್ಪನ ಹಣೆಬರಹ, ನಮ್ಮ ಹಟ್ಟಿಯ ಕರ್ಮ ಅಂತ ಹೈಸ್ಕೂಲಿನ ತನಕ ನಾವು ತಿಳಿದಿದ್ದದ್ದು ಕೊಳ್ಳೇಗಾಲದಲ್ಲೂ ಇದೆ, ಕೋಲಾರದಲ್ಲೂ ಇದೆ. ಹಾಗಾದರೆ ಅದು ಹಣೆಬರಹ ಹೇಗಾಗುತ್ತದೆ? ಯಾವ ಪ್ರೊಫೆಸರೂ ಹೇಳಿಕೊಡದ ಸಮಾಜಶಾಸ್ತ್ರದ ಪಾಠ ಅದು. ಅಂಬೇಡ್ಕರರ ಪುಸ್ತಕ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬಂದಿತ್ತು. ಲೋಹಿಯಾ, ಪೆರಿಯಾರ್, ಮಾರ್ಕ್ಸ್ ಆಮೇಲೆ ಬಂದರು.

ಎಲ್ಲ ಸರಿಯಾಗಿತ್ತು ಅಂತ ಹೇಳುವುದಿಲ್ಲ. ಅದೇ ಹಾಸ್ಟೆಲಿನಲ್ಲಿ ಹೊಲೆಯರ ಹುಡುಗ ಮಾದಿಗರ ಹುಡುಗನ ತಟ್ಟೆಯಿಂದ ತಿನ್ನಲು ಹಿಂಜರಿದದ್ದನ್ನೂ ನಾವು ಕಂಡಿದ್ದೇವೆ. ಮೇಲಿನವರಿಂದ ನಾವು ಕಲಿತ ಪಾಠಗಳಲ್ಲಿ ಇದೊಂದನ್ನು ಮಾತ್ರ ಚೆನ್ನಾಗಿ ಕಲಿತಿದ್ದೆವು. ಅದನ್ನು ಮರೆಯಲು ಕೆಲವರಿಗೆ ಮೂರು ವರ್ಷದ ಡಿಗ್ರಿ ಸಾಕಾಗಲಿಲ್ಲ. ಇಂದಿಗೂ ಮರೆಯದವರು ಇದ್ದಾರೆ.

1973ರ ನವೆಂಬರ್ 19ರಂದು ಮೈಸೂರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟ ಮನುಷ್ಯ ಆಡಿದ ಮಾತು. ನಾಡಿನ ಕಾಲೇಜುಗಳು ಹೊತ್ತಿಕೊಂಡವು. ತರಗತಿಗಳು ಬಹಿಷ್ಕಾರವಾದವು, ಮೆರವಣಿಗೆ ಹೊರಟವು. ಅಲ್ಲಿಯತನಕ ಪಂಪನ ಒಂದು ಪದ್ಯವನ್ನೂ ಓದದವರು ಕನ್ನಡ ಸಾಹಿತ್ಯದ ಮಾನ ಕಾಪಾಡಲು ಕಲ್ಲು ಹಿಡಿದರು. ಕಲ್ಲು ಬಿದ್ದದ್ದು ಎಲ್ಲಿಗೆ? ನಮ್ಮ ಹಾಸ್ಟೆಲುಗಳಿಗೆ. ಪೆಟ್ಟು ತಿಂದವರು ಯಾರು? ಬಸವಲಿಂಗಪ್ಪನವರ ಮಾತನ್ನು ಕೇಳಿರದ ದಲಿತ ವಿದ್ಯಾರ್ಥಿಗಳೂ ತಿಂದರು. 'ಯಾವ ಹಾಸ್ಟೆಲ್ಲು?' ಅನ್ನುವ ಆ ನಾಲ್ಕನೆಯ ಪ್ರಶ್ನೆ ಯಾಕೆ ಕೇಳಿಟ್ಟುಕೊಂಡಿದ್ದರು ಅನ್ನುವುದು ಅಂದು ತಿಳಿಯಿತು. ಡಿಸೆಂಬರಿನಲ್ಲಿ ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು.

ಕಲ್ಲು ಬಿದ್ದ ರಾತ್ರಿ ಕಿಟಕಿಗೆ ಮಂಚ ಅಡ್ಡ ಇಟ್ಟು ಕೂತವರಲ್ಲಿ ಹೊಲೆಯ, ಮಾದಿಗ ಅಂತ ಬೇರೆ ಬೇರೆ ಇರಲಿಲ್ಲ. ಹೈಸ್ಕೂಲಿನಲ್ಲಿ ಹೊಡೆತ ಬಿದ್ದಾಗ ನಾವು ಅವ್ವನ ಹತ್ತಿರ ಹೋಗಿ ಅಳುತ್ತಿದ್ದೆವು; ಅವ್ವ 'ದೊಡ್ಡೋರ ಸವಾಸ ಬ್ಯಾಡ ಕಣ್ಮಗಾ' ಅನ್ನುತ್ತಿದ್ದಳು. ಇಲ್ಲಿ ಅವ್ವ ಇರಲಿಲ್ಲ. ಮಾರನೆಯ ದಿನ ನಾವೇ ಕರಪತ್ರ ಬರೆದೆವು. ದಲಿತ ಸಂಘರ್ಷ ಸಮಿತಿ ಆಮೇಲೆ ಕಟ್ಟಿಕೊಂಡದ್ದು ಇಂಥ ಹುಡುಗರಿಂದ. ಅದನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ದೇವನೂರ ಮಹಾದೇವರ 'ದ್ಯಾವನೂರು' 1973ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದವು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಬೂಸಾ ಅನ್ನುವ ಒಂದು ಮಾತಿಗೆ ಉತ್ತರವಾಗಿ ಸಾಹಿತ್ಯವೇ ಬಂತು.

ಮರಾಠಿಯಲ್ಲೂ ಇದೇ ದಾರಿ. 1950ರಲ್ಲಿ ಅಂಬೇಡ್ಕರ್ ಔರಂಗಾಬಾದಿನಲ್ಲಿ ಕಾಲೇಜು ತೆರೆದರು, ಮುಂದೆ ಅದೇ ಮಿಲಿಂದ ಕಾಲೇಜು. ಮರಾಠವಾಡದ ಕೇರಿಗಳ ಹುಡುಗರು ಅಲ್ಲಿ ಒಟ್ಟಾದರು. ಅಲ್ಲಿ ಪಾಠ ಹೇಳುತ್ತಿದ್ದ ಗಂಗಾಧರ ಪಾನತಾವಣೆ 'ಅಸ್ಮಿತಾದರ್ಶ' ಪತ್ರಿಕೆ ನಡೆಸಿದರು. 1978ರಲ್ಲಿ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡುವ ತೀರ್ಮಾನವಾದಾಗ ಏನಾಯಿತು? ಹೆಸರು ಬೇಕೆಂದದ್ದು ವಿಶ್ವವಿದ್ಯಾಲಯದಲ್ಲಿ, ಬೆಂಕಿ ಬಿದ್ದದ್ದು ಹಳ್ಳಿಯ ಗುಡಿಸಲುಗಳಿಗೆ. ಹೆಸರು ಬಂದದ್ದು 1994ರಲ್ಲಿ. ನಮ್ಮ ಕಡೆಯೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತಿತ್ತು. ಮಗ ಮೈಸೂರಿನಲ್ಲಿ ಭಾಷಣ ಮಾಡಿದ ಸುದ್ದಿ ಊರಿಗೆ ಮುಟ್ಟಿದರೆ ವಾರದೊಳಗೆ ಅಪ್ಪನಿಗೆ ಕೂಲಿ ಇಲ್ಲ. ಕಾಲೇಜು ಆ ಜಗಲಿಯಿಂದ ದೂರ ಅಂದೆವಲ್ಲ, ಆ ದೂರ ನಮಗೆ ಮಾತ್ರ. ಅಪ್ಪ ಜಗಲಿಯ ಕೆಳಗೇ ಇದ್ದ.

ಇಷ್ಟು ಹೊತ್ತು ನಾವು 'ಹುಡುಗರು' ಅಂತಲೇ ಬರೆಯುತ್ತ ಬಂದಿದ್ದೇವೆ. ಇದು ಬರವಣಿಗೆಯ ತಪ್ಪಲ್ಲ, ಚರಿತ್ರೆಯೇ ಹಾಗಿದೆ. ಅದರಲ್ಲಿ ನಮ್ಮ ತಪ್ಪೂ ಇದೆ. ಧಾರವಾಡದ ಹುಡುಗ ಅರ್ಜಿ ಹಾಕುವುದಕ್ಕೆ ಒಂದು ವರ್ಷ ಮೊದಲೇ, 1855ರಲ್ಲಿ, ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಬಾಲಕಿ ಮುಕ್ತಾ ಸಾಳ್ವೆ ಮಾಂಗ ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದು ಅಚ್ಚಾಗಿತ್ತು. ಹಾಗಿದ್ದೂ ನೂರಹತ್ತು ವರ್ಷ ದಾಟಿದ ಮೇಲೆ ನಮ್ಮ ಹೈಸ್ಕೂಲಿನಲ್ಲಿ ಕೇರಿಯ ಹುಡುಗಿ ಒಬ್ಬಳೇ ಇದ್ದಳು. ಅವಳು ಒಂಬತ್ತನೇ ತರಗತಿಗೆ ಬಿಟ್ಟಳು. ಯಾಕೆ ಬಿಟ್ಟಳು ಅಂತ ನಾವು, ಆಮೇಲೆ ಊರೂರಲ್ಲಿ ಕ್ರಾಂತಿಯ ಹಾಡು ಹಾಡಿದವರು, ಒಂದು ದಿನವೂ ವಿಚಾರಿಸಲಿಲ್ಲ. ಅವಳಿಗೆ ಹಾಸ್ಟೆಲಿನ ರಾತ್ರಿಗಳು ಸಿಗಲಿಲ್ಲ, ಕೊಳ್ಳೇಗಾಲದ, ಕೋಲಾರದ ಗೆಳತಿಯರು ಸಿಗಲಿಲ್ಲ.

ಇಂದಿನ ಸ್ಥಿತಿ ಏನು? ದಲಿತ ಹುಡುಗಿಯರು ಇಂದು ಕಾಲೇಜುಗಳಲ್ಲಿ ಗುಂ‍ಪುಗುಂಪಾಗಿ ಇದ್ದಾರೆ, ಅದನ್ನು ಕಣ್ಣಾರೆ ಕಂಡು ಸಂತೋಷಪಟ್ಟಿದ್ದೇವೆ. ಆದರೆ 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ತೊಳೆಸಿದ ಸುದ್ದಿ ಬಂತು. ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟದ್ದಕ್ಕೆ ಐವತ್ತು ವರ್ಷ ತುಂಬಿದ ತಿಂಗಳಲ್ಲಿ. ಮೇಲಿನ ಕಾಲೇಜುಗಳ ಕತೆಯೂ ಅಷ್ಟೆ. ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯ ಬಗ್ಗೆ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು: ಡಾಕ್ಟರಾಗಲು ಹೊರಟವರ ಹಾಸ್ಟೆಲಿನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಬೇರೆಯಾಗಿ ಒಂದು ಕಡೆ ಸೇರಿಕೊಂಡು ಇರಬೇಕಾದ ಸ್ಥಿತಿ. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ ತೀರಿಕೊಳ್ಳುವ ಮೊದಲು ಅವನನ್ನೂ ಅವನ ಗೆಳೆಯರನ್ನೂ ಹೊರಹಾಕಿದ್ದು ಎಲ್ಲಿಂದ? ಹಾಸ್ಟೆಲಿನಿಂದ. ತರಗತಿಗೆ ಬರಬಹುದು, ಹಾಸ್ಟೆಲಿನಲ್ಲಿ ಇರಕೂಡದು. ನಾವು ಹಲವರಾಗುವುದು ಎಲ್ಲಿ ಅನ್ನುವುದು ಅವರಿಗೂ ಗೊತ್ತು.

ಹೈಸ್ಕೂಲಿನಲ್ಲಿ ನಮ್ಮ ಜೊತೆ ಎದ್ದು ನಿಲ್ಲುತ್ತಿದ್ದ ಹುಡುಗನೊಬ್ಬನಿದ್ದ. ಲೆಕ್ಕದಲ್ಲಿ ನಮಗಿಂತ ಜೋರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಹೋಯಿತು. ಎರಡು ಸಲ ಕಟ್ಟಿದ, ಆಮೇಲೆ ಗಾರೆ ಕೆಲಸಕ್ಕೆ ಹೊರಟ. ನಾವು ಕಾಲೇಜಿನಿಂದ ರಜಕ್ಕೆ ಬಂದಾಗ ಮಾತಾಡಿಸುತ್ತಿದ್ದ; ವರ್ಷ ಕಳೆದಂತೆ 'ನೀನು' ಹೋಗಿ 'ನೀವು' ಬಂತು. ಹಟ್ಟಿಯೊಳಗೇ ಒಂದು ಹುಣಸೇಮರ ಬೆಳೆದದ್ದು ನಮಗೆ ಬಹಳ ದಿನ ಕಾಣಲಿಲ್ಲ. ಹೋದ ವರ್ಷ ಅವನು ಮೊಮ್ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಹುಡುಗಿ ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸು ಮಾಡಿದ್ದಳು, ಮೆಟ್ರಿಕ್ ನಂತರದ ಹಾಸ್ಟೆಲಿಗೆ ಅರ್ಜಿ ಹಾಕಬೇಕು. ಅರ್ಜಿ ಈಗ ಕಂಪ್ಯೂಟರಿನಲ್ಲಿ. ಹುಡುಗಿಯೇ ತುಂಬಿದಳು, ನಾವು ಪಕ್ಕದಲ್ಲಿ ಕೂತು ನೋಡಿದೆವು. ಸೀಟು ಸಿಕ್ಕಿದ ಮೇಲೆ ಟ್ರಂಕು ಹೊತ್ತುಕೊಂಡು ಅವನೇ ಬಂದ, ನಾವೂ ಜೊತೆಗೆ ಹೋದೆವು. ಗೇಟಿನ ಒಳಗೆ ಕಾಲಿಡುವ ಮೊದಲು ನಿಂತು ಕೇಳಿದ:

'ಇಲ್ಲಿ ನಮ್ಮೋರು ಎಷ್ಟು ಜನ ಅವ್ರೆ?'

ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ಅವನ ಮೊಮ್ಮಗಳು ಬೆರಳಿಟ್ಟು ಒಂದೊಂದೇ ಹೆಸರು ಜೋರಾಗಿ ಓದತೊಡಗಿದಳು.